ಕೊಲಂಬಿಯಾದ ಕಿಟಕಿಗಳ ಎದುರು

ಆರ್ಲೆಂಡೊದಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ನೆಲ ಮುಗಿದು ನೀರು ಶುರುವಾಗುತ್ತದೆ. ಇಂಡಿಯನ್ ರಿವರ್ ಎಂಬ ಅಗಲವಾದ ಹಿನ್ನೀರು, ಅದರ ಮೇಲೆ ನೀಳವಾದ ಸೇತುವೆ, ಆಚೆ ದಡದಲ್ಲಿ ಮೆರಿಟ್ ದ್ವೀಪ. ಸೇತುವೆಯ ಮೇಲೆ ಬರುತ್ತಿದ್ದಂತೆ ಕಾರು ಓಡಿಸುತ್ತಿದ್ದ ಅಣ್ಣನ ಮಗಳು, "ಅತ್ತೆ, ಎಡಗಡೆ ನೋಡಿ" ಎಂದಳು. ತೆಂಗಿನ ಮರಕ್ಕಿಂತ ಎತ್ತರದ್ದು ಬೇರೇನೂ ಇಲ್ಲದ ಆ ಬಯಲಿನಲ್ಲಿ ಒಂದೇ ಒಂದು ಕಟ್ಟಡ ಎದ್ದು ನಿಂತಿತ್ತು. ಅದು ರಾಕೆಟ್‌ಗಳನ್ನು ನೆಟ್ಟಗೆ ನಿಲ್ಲಿಸಿ ಜೋಡಿಸುವ ಕಟ್ಟಡ. ಎತ್ತರ 160 ಮೀಟರ್. ಅದರ ಗೋಡೆಯ ಮೇಲೆ ಬಳಿದಿರುವ ಅಮೆರಿಕದ ಧ್ವಜದಲ್ಲಿ ಒಂದೊಂದು ಪಟ್ಟೆಯ ಅಗಲವೇ 2.7 ಮೀಟರ್. ಅದನ್ನು ನೋಡುತ್ತ ಹೋದಷ್ಟೂ ಅದು ಹತ್ತಿರವಾಗುವುದೇ ಇಲ್ಲ. ಅಷ್ಟು ದೊಡ್ಡದು.

ಕೆನಡಿ ಬಾಹ್ಯಾಕಾಶ ಕೇಂದ್ರ ಇರುವುದು ಒಂದು ವನ್ಯಧಾಮದ ಮಡಿಲಲ್ಲಿ. ರಸ್ತೆ ಬದಿಯ ಕಾಲುವೆಗಳಲ್ಲಿ ಮೊಸಳೆ ಜಾತಿಯ ಆಲಿಗೇಟರ್‌ಗಳು ಬೆನ್ನು ಬಿಸಿಲಿಗೊಡ್ಡಿ ಮಲಗಿದ್ದವು. ಬೆಳ್ಳಕ್ಕಿಗಳು ಜೌಗಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದವು. ಪೈನ್ ಮರವೊಂದರ ತುದಿಯಲ್ಲಿ ಬಿಳಿತಲೆಯ ಹದ್ದಿನ ದೊಡ್ಡ ಗೂಡು ಇತ್ತು. ಮನುಷ್ಯ ಚಂದ್ರನಿಗೆ ಹೊರಟದ್ದು ಈ ಕೊಕ್ಕರೆ, ಮೊಸಳೆ, ಹುಲ್ಲುಗಾವಲಿನ ನಡುವಿನಿಂದ ಎಂಬುದನ್ನು ಮನಸ್ಸು ಕೂಡಲೇ ಒಪ್ಪಲಿಲ್ಲ.

ಪ್ರವಾಸಿಗಳ ಬಸ್ಸು ಆ ಬೃಹತ್ ಕಟ್ಟಡವನ್ನು ಬಳಸಿಕೊಂಡು ಜಲ್ಲಿ ಹಾಸಿದ ಒಂದು ಹಾದಿಯ ಪಕ್ಕದಲ್ಲಿ ಸಾಗುತ್ತದೆ. ಡಾಂಬರಿಲ್ಲ, ಕಾಂಕ್ರೀಟಿಲ್ಲ, ನದಿಯ ನುಣುಪು ಬೆಣಚುಕಲ್ಲುಗಳನ್ನು ತಂದು ಹಾಸಿದ್ದಾರೆ. ಮೂರು ಸಾವಿರ ಟನ್ ತೂಗುವ ಯಂತ್ರ ತನ್ನ ಬೆನ್ನ ಮೇಲೆ ರಾಕೆಟ್ಟನ್ನು ಹೊತ್ತು ಗಂಟೆಗೆ ಒಂದೂವರೆ ಕಿಲೋಮೀಟರ್ ವೇಗದಲ್ಲಿ ಇದೇ ಹಾದಿಯಲ್ಲಿ ತೆವಳುತ್ತದೆ. ಆ ಹಾದಿಯ ತುದಿಯಲ್ಲಿ, ಕಡಲಿಗೆ ಮುಖ ಮಾಡಿ, 39ಎ ಉಡಾವಣಾ ಕಟ್ಟೆ. 1969ರ ಜುಲೈ 16ರಂದು ಅಪೊಲೊ 11 ಹಾರಿದ್ದು ಅಲ್ಲಿಂದ. 2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಮತ್ತು ಅವರ ಆರು ಸಂಗಾತಿಗಳನ್ನು ಹೊತ್ತು ಕೊಲಂಬಿಯಾ ಶಟಲ್ ಹಾರಿದ್ದೂ ಅಲ್ಲಿಂದಲೇ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದು ಫೋಟೊ ತೆಗೆಯುತ್ತಿದ್ದರು. ನನಗೆ ಮಾತ್ರ ಆ ಉಕ್ಕಿನ ಗೋಪುರದ ಮೇಲೆ ನೆಟ್ಟ ಕಣ್ಣನ್ನು ಕೀಳಲಾಗಲಿಲ್ಲ.

ಬಸ್ಸು ಇಳಿಸಿದ ಕಡೆ ಸ್ಯಾಟರ್ನ್ 5 ರಾಕೆಟ್ಟನ್ನು ಉದ್ದಕ್ಕೆ ಮಲಗಿಸಿಟ್ಟಿದ್ದಾರೆ. 110 ಮೀಟರ್ ಉದ್ದ. ಅದರ ಐದು ಎಂಜಿನ್‌ಗಳ ಬಾಯಿಯ ಕೆಳಗೆ ನಿಂತು ಮಕ್ಕಳು ಕೂಗಿ ಕೇಕೆ ಹಾಕುತ್ತಿದ್ದರು. ಈ ಸಡಗರದ ಒಂದು ಪಕ್ಕದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಂದು ಬಾಗಿಲು ಇದೆ. ಬಾಗಿಲು ಅಂದರೆ ಒಂದರ ಹಿಂದೊಂದು ಮೂರು ಪದರ. 1967ರ ಜನವರಿ 27ರ ಸಂಜೆ, ಇಲ್ಲಿಂದ ಕೆಲವೇ ಮೈಲು ದೂರದ 34ನೇ ಕಟ್ಟೆಯ ಮೇಲೆ ಗಸ್ ಗ್ರಿಸಮ್, ಎಡ್ ವೈಟ್ ಮತ್ತು ರೋಜರ್ ಚಾಫಿ ಅಪೊಲೊ 1 ನೌಕೆಯಲ್ಲಿ ತಾಲೀಮಿಗೆ ಕುಳಿತಿದ್ದರು. ರಾಕೆಟ್ಟಿನಲ್ಲಿ ಇಂಧನ ತುಂಬಿರಲಿಲ್ಲ. ಹಾಗಾಗಿ ಅದನ್ನು ಅಪಾಯದ ಪರೀಕ್ಷೆ ಎಂದು ಯಾರೂ ಎಣಿಸಿರಲಿಲ್ಲ. ಆದರೆ ನೌಕೆಯೊಳಗೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕ ತುಂಬಿತ್ತು. ಎಲ್ಲೋ ಒಂದು ತಂತಿಯ ಬಳಿ ಕಿಡಿ ಹೊತ್ತಿತು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಎಲ್ಲ ಸರಿಯಿದ್ದಾಗಲೂ ತೆಗೆಯಲು ಒಂದೂವರೆ ನಿಮಿಷ ಬೇಕು. ಒಳಗಿನ ಒತ್ತಡ ಏರಿದ ಮೇಲೆ ಯಾವ ತೋಳಬಲಕ್ಕೂ ಅದು ಜಗ್ಗುವಂತಿರಲಿಲ್ಲ.

ಆ ಮೂರು ಪದರಗಳ ಪಕ್ಕದಲ್ಲೇ ಅನಂತರ ಮಾಡಿದ ಹೊಸ ಬಾಗಿಲನ್ನೂ ಇಟ್ಟಿದ್ದಾರೆ. ಅದು ಹೊರಮುಖವಾಗಿ ತೆರೆಯುತ್ತದೆ, ಕೆಲವೇ ಸೆಕೆಂಡುಗಳಲ್ಲಿ. ಅದರ ಜೊತೆಗೆ ನೌಕೆಯೊಳಗಿನ ಗಾಳಿ ಬದಲಾಯಿತು, ಬಟ್ಟೆ ಬದಲಾಯಿತು, ತಂತಿಗಳ ಹೊದಿಕೆ ಬದಲಾಯಿತು. ಇಪ್ಪತ್ತು ತಿಂಗಳು ದಾಟಿದ ಮೇಲೆ ಅಪೊಲೊ 7ರಲ್ಲಿ ಮತ್ತೆ ಮೂವರು ಹಾರಿದರು. ಬೆಂಕಿ ಬಿದ್ದು ಎರಡೂವರೆ ವರ್ಷ ತುಂಬುವ ಮೊದಲೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಸುಟ್ಟ ನೌಕೆಯ ಈ ಬಾಗಿಲು ಸಾರ್ವಜನಿಕರ ಕಣ್ಣಿಗೆ ಬೀಳಲು ಸರಿಯಾಗಿ ಐವತ್ತು ವರ್ಷ ಹಿಡಿಯಿತು. 2017ರ ಜನವರಿ 27ರಂದು ಇದನ್ನು ಇಲ್ಲಿಟ್ಟರು. ಚಂದ್ರನಿಗೆ ಮನುಷ್ಯರನ್ನು ಒಯ್ದ ಬಗೆಯ ರಾಕೆಟ್ಟಿನ ಪಕ್ಕದಲ್ಲೇ ಇಟ್ಟದ್ದು ನನಗೆ ಬಹಳ ಸರಿ ಅನ್ನಿಸಿತು. ಈ ಬಾಗಿಲು ಕಲಿಸಿದ ಪಾಠವಿಲ್ಲದೆ ಆ ರಾಕೆಟ್ ಮನುಷ್ಯರನ್ನು ಹೊತ್ತು ಅಷ್ಟು ದೂರ ಹೋಗಿ ಬರುತ್ತಿರಲಿಲ್ಲ.

ಅಟ್ಲಾಂಟಿಸ್ ಶಟಲ್ ಇರುವ ಭವನ ಬೇರೆ. ಅದರ ಹೊರಗೆ ಕಿತ್ತಳೆ ಬಣ್ಣದ ಇಂಧನ ಟ್ಯಾಂಕು ಮತ್ತು ಎರಡು ಬಿಳಿ ರಾಕೆಟ್‌ಗಳ ಪೂರ್ಣ ಗಾತ್ರದ ಮಾದರಿ ನಿಂತಿದೆ. ತಲೆ ಹಿಂದಕ್ಕೆ ಬಾಗಿಸದೆ ತುದಿ ಕಾಣುವುದಿಲ್ಲ. ಒಳಗೆ ಮೊದಲು ಒಂದು ಸಿನಿಮಾ. ಅದು ಮುಗಿಯುವ ಹೊತ್ತಿಗೆ ಪರದೆ ಮೇಲಕ್ಕೆ ಸರಿಯಿತು. ಎದುರಿಗೆ ನಿಜವಾದ ಅಟ್ಲಾಂಟಿಸ್! ಮಾದರಿಯಲ್ಲ, 33 ಬಾರಿ ಬಾಹ್ಯಾಕಾಶಕ್ಕೆ ಹೋಗಿಬಂದ ನೌಕೆ. ಹಾರುವಾಗ ಹೇಗಿರುತ್ತಿತ್ತೋ ಹಾಗೆಯೇ ಒಂದು ಬದಿಗೆ ವಾಲಿಸಿ, ಬೆನ್ನಿನ ಬಾಗಿಲುಗಳನ್ನು ತೆರೆದು ನಿಲ್ಲಿಸಿದ್ದಾರೆ. ಸೇರಿದ್ದ ಜನರ ಬಾಯಿಂದ ಒಮ್ಮೆಲೇ ಉದ್ಗಾರ ಹೊರಟಿತು. ನನ್ನ ಕಣ್ಣೂ ತುಂಬಿ ಬಂತು.

ಹತ್ತಿರ ಹೋಗಿ ನೋಡಿದೆ. ನೌಕೆಯ ಹೊಟ್ಟೆಗೆ ಕಪ್ಪು ಹೆಂಚುಗಳನ್ನು ಒಂದೊಂದಾಗಿ ಅಂಟಿಸಿದ್ದಾರೆ. ಪ್ರತಿಯೊಂದರ ಮೇಲೂ ಅದರದೇ ಸಂಖ್ಯೆ. ವಾತಾವರಣಕ್ಕೆ ಮರಳುವಾಗಿನ ಉರಿ ಎಳೆದ ಬಿಳಿಚಿದ ಗೀರುಗಳು ಹಾಗೆಯೇ ಇವೆ, ಯಾರೂ ಒರೆಸಿಲ್ಲ. ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಮಾತ್ರ ಹೆಂಚಿಲ್ಲ. ಅಲ್ಲಿ ಬೂದುಬಣ್ಣದ ಬಾಗಿದ ಫಲಕಗಳ ಸಾಲು, ಒಂದೊಂದು ರೆಕ್ಕೆಗೆ ಇಪ್ಪತ್ತೆರಡು. ಮರಳುವ ದಾರಿಯಲ್ಲಿ ಸುಮಾರು 1,650 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಡೆಯುವುದು ಈ ಇಂಗಾಲದ ಫಲಕಗಳೇ. ಅವುಗಳ ಹಿಂದೆ ಇರುವುದು ಬರೀ ಅಲ್ಯೂಮಿನಿಯಂ. ಒಳಗಿನಿಂದ ಎಣಿಸುತ್ತ ಬಂದು ಎಂಟನೆಯ ಫಲಕದ ಮೇಲೆ ಕಣ್ಣು ನಿಲ್ಲಿಸಿದೆ. ಕೊಲಂಬಿಯಾದ ಎಡರೆಕ್ಕೆಯಲ್ಲಿ ತೂತಾದದ್ದು ಅದರ ಹತ್ತಿರವೇ.

ಅಟ್ಲಾಂಟಿಸ್‌ನ ಕೆಳಗೆ, ನೆಲದಂತಸ್ತಿನಲ್ಲಿ, ಗದ್ದಲವಿಲ್ಲದ ಒಂದು ಓಣಿ ಇದೆ. ಎರಡು ಶಟಲ್ ದುರಂತಗಳಲ್ಲಿ ಮಡಿದವರಿಗಾಗಿ 2015ರಲ್ಲಿ ತೆರೆದ ಸ್ಮಾರಕ ಇದು. ಎರಡೂ ಬದಿಯಲ್ಲಿ ಏಳೇಳು ಪೆಟ್ಟಿಗೆಗಳು: ಒಂದು ಬದಿ ಚಾಲೆಂಜರ್‌ನವರದು, ಇನ್ನೊಂದು ಬದಿ ಕೊಲಂಬಿಯಾದವರದು. ಅವರವರ ಕುಟುಂಬಗಳೊಂದಿಗೆ ಕೂತು ಮಾತಾಡಿ ಆರಿಸಿದ ವಸ್ತುಗಳು. ಕೊಲಂಬಿಯಾದ ಕಮಾಂಡರ್ ರಿಕ್ ಹಸ್ಬೆಂಡ್ ತೊಟ್ಟು ಸವೆಸಿದ ಬೂಟುಗಳಿವೆ. ಕಲ್ಪನಾ ಅವರ ಪೆಟ್ಟಿಗೆಯ ಮುಂದೆ ಒಂದು ಭಾರತೀಯ ಕುಟುಂಬ ನಿಂತಿತ್ತು. ತಾಯಿ ಮಗಳಿಗೆ ಹಿಂದಿಯಲ್ಲಿ ಕಥೆ ಹೇಳುತ್ತಿದ್ದರು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿ, ಚಂಡೀಗಢದಲ್ಲಿ ವಿಮಾನ ಎಂಜಿನಿಯರಿಂಗ್ ಓದಿ, ಕೊಲರಾಡೊದಲ್ಲಿ ಡಾಕ್ಟರೇಟ್ ಪಡೆದು, 1997ರಲ್ಲಿ ಇದೇ ಕೊಲಂಬಿಯಾದಲ್ಲಿ ಮೊದಲ ಬಾರಿ ಹಾರಿದ ಹುಡುಗಿಯ ಕಥೆ.

ಓಣಿ ತಿರುಗಿದರೆ ಮಂದ ಬೆಳಕಿನ ಕೋಣೆ. ಅಲ್ಲಿ ಎರಡೇ ವಸ್ತು. ಒಂದು, ಚಾಲೆಂಜರ್‌ನ ಮೈಯ ದೊಡ್ಡ ತುಂಡು. ಅದರ ಮೇಲಿನ ಧ್ವಜ ತರಚಿದೆ, ಅಂಚುಗಳು ಹರಿದಿವೆ. 1986ರ ಜನವರಿ 28ರ ಬೆಳಿಗ್ಗೆ ಅದು ಹಾರುವ ಹೊತ್ತಿಗೆ ಇಲ್ಲಿನ ಉಷ್ಣತೆ ಬರೀ ಎರಡು ಡಿಗ್ರಿ. ಅಂಥ ಚಳಿಯಲ್ಲಿ ರಾಕೆಟ್ಟಿನ ಕೀಲುಗಳ ರಬ್ಬರ್ ಉಂಗುರ ಗಡುಸಾಗಿ ಸರಿಯಾಗಿ ಮುಚ್ಚುವುದಿಲ್ಲ ಎಂದು ಆ ರಾಕೆಟ್ ತಯಾರಿಸಿದ ಕಂಪನಿಯ ರೋಜರ್ ಬೊಯ್ಜೊಲಿ ಮತ್ತು ಸಂಗಡಿಗ ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ ವಾದಿಸಿದ್ದರು. ಉಡಾವಣೆಗೆ ಒಪ್ಪಿಗೆಯ ಸಹಿ ಹಾಕಲು ಅದೇ ಕಂಪನಿಯ ಅಲನ್ ಮೆಕ್‌ಡೊನಾಲ್ಡ್ ನಿರಾಕರಿಸಿದ್ದರು. ಆದರೂ ನೌಕೆ ಹಾರಿತು. ಎಪ್ಪತ್ಮೂರನೆಯ ಸೆಕೆಂಡಿಗೆ ಎಲ್ಲ ಮುಗಿಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಅದರಲ್ಲಿದ್ದರು. ಅವರನ್ನು ನೋಡಲೆಂದು ದೇಶದ ತರಗತಿಗಳಲ್ಲಿ ಮಕ್ಕಳು ಟಿವಿ ಮುಂದೆ ಕುಳಿತಿದ್ದರು.

ಎರಡನೆಯದು, ಕೊಲಂಬಿಯಾದ ಮುಂಭಾಗದ ಕಿಟಕಿಗಳ ಚೌಕಟ್ಟು. ಸುಟ್ಟು ಕಪ್ಪಾಗಿದೆ, ಆದರೂ ಆಕಾರ ಕೆಟ್ಟಿಲ್ಲ. ಇದು ವಿಮಾನದ ಮೂತಿಯ ಕಿಟಕಿ ಎಂದು ಯಾವ ಮಗುವೂ ಗುರುತಿಸಬಲ್ಲದು. ಹದಿನಾರು ದಿನ ಏಳು ಜನ ಈ ಕಿಟಕಿಗಳಿಂದ ಭೂಮಿಯನ್ನು ನೋಡಿದ್ದಾರೆ. ಇದರ ಮೂಲಕವೇ ಕೊನೆಯ ಬೆಳಗನ್ನೂ ನೋಡಿದ್ದಾರೆ. ನಾನು ಬಹಳ ಹೊತ್ತು ಅಲ್ಲಿ ನಿಂತೆ. ಅಣ್ಣನ ಮಗಳು ಏನನ್ನೂ ಕೇಳದೆ ನನ್ನ ಕೈ ಹಿಡಿದು ಪಕ್ಕದಲ್ಲಿ ನಿಂತಳು.

ಕೊಲಂಬಿಯಾದ ದುರಂತ ಶುರುವಾದದ್ದು ಅದು ಮುಗಿದ ದಿನವಲ್ಲ, ಹಾರಿದ ದಿನವೇ. ಹೊರಗಿನ ಕಿತ್ತಳೆ ಟ್ಯಾಂಕಿನೊಳಗೆ ಅತಿಶೀತಲ ದ್ರವ ಜಲಜನಕ, ದ್ರವ ಆಮ್ಲಜನಕ ತುಂಬಿರುತ್ತದೆ. ಮೇಲೆ ಮಂಜುಗಟ್ಟದಿರಲೆಂದು ಅದಕ್ಕೆ ಫೋಮಿನ ಹೊದಿಕೆ. ಹಾರಿ 82 ಸೆಕೆಂಡು ಆಗುವಷ್ಟರಲ್ಲಿ ಆ ಹೊದಿಕೆಯ ಮುಕ್ಕಾಲು ಕಿಲೋ ತೂಕದ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಫೋಮು ಬೆಂಡಿನಷ್ಟು ಹಗುರ. ಆದರೆ ನೌಕೆಯ ವೇಗದಿಂದಾಗಿ ಅದು ಬಡಿದದ್ದು ಗಂಟೆಗೆ ಸುಮಾರು 800 ಕಿಲೋಮೀಟರ್ ರಭಸದಲ್ಲಿ. ಮರುದಿನ ಕ್ಯಾಮೆರಾ ಚಿತ್ರಗಳನ್ನು ನೋಡಿದ ಎಂಜಿನಿಯರ್‌ಗಳಿಗೆ ಕಳವಳವಾಯಿತು. ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಿಕೊಡಿ ಎಂದು ಮೂರು ಪ್ರತ್ಯೇಕ ಕೋರಿಕೆಗಳು ಹೋದವು. ಒಂದೂ ಈಡೇರಲಿಲ್ಲ. ಫೋಮು ಹಿಂದೆಯೂ ಉದುರಿತ್ತು, ನೌಕೆಗಳು ಹಿಂದೆಯೂ ಕ್ಷೇಮವಾಗಿ ಇಳಿದಿದ್ದವು. ಹಾಗಾಗಿ ಅದು ಅಪಾಯ ಎಂಬ ಪಟ್ಟಿಯಿಂದ ದುರಸ್ತಿಯ ಕೆಲಸ ಎಂಬ ಪಟ್ಟಿಗೆ ಜಾರಿಬಿಟ್ಟಿತ್ತು. ಹಾರಾಟದ ಎಂಟನೆಯ ದಿನ ನೆಲದಿಂದ ಗಗನಯಾತ್ರಿಗಳಿಗೆ ಇಮೇಲ್ ಹೋಯಿತು: ಫೋಮು ಬಡಿದದ್ದು ನಿಜ, ಚಿಂತೆಗೆ ಕಾರಣವಿಲ್ಲ ಎಂದು.

ಫೆಬ್ರುವರಿ 1, ಶನಿವಾರ. ಕುಟುಂಬಗಳವರು ಈ ಕೇಂದ್ರದ ನಾಲ್ಕೂವರೆ ಕಿಲೋಮೀಟರ್ ಉದ್ದದ ರನ್‌ವೇ ಬಳಿ ಕಾದಿದ್ದರು. 9 ಗಂಟೆ 16 ನಿಮಿಷಕ್ಕೆ ನೌಕೆ ಇಳಿಯಬೇಕಿತ್ತು. 8 ಗಂಟೆ 59 ನಿಮಿಷಕ್ಕೆ ಕಮಾಂಡರ್ ಮಾತು ಅರ್ಧಕ್ಕೆ ನಿಂತಿತು. ಟೆಕ್ಸಸ್ ಆಕಾಶದಲ್ಲಿ, ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ, ಶಬ್ದದ ಹದಿನೆಂಟು ಪಟ್ಟು ವೇಗದಲ್ಲಿದ್ದ ನೌಕೆ ಚೂರಾಯಿತು. ಭಾರತದಲ್ಲಿ ಆಗ ಸಂಜೆ ಏಳೂವರೆ. ಕರ್ನಾಲ್‌ನಲ್ಲಿ ಕಲ್ಪನಾ ಓದಿದ ಟ್ಯಾಗೋರ್ ಬಾಲನಿಕೇತನ ಶಾಲೆಯಲ್ಲಿ ಮಕ್ಕಳು ಸಂಭ್ರಮಕ್ಕೆಂದು ಸೇರಿದ್ದರು.

ನನ್ನ ಎದೆಯನ್ನು ಹೆಚ್ಚು ಹಿಂಡಿದ ಸಂಗತಿ ಇನ್ನೊಂದಿದೆ. ತಲೆಯ ಮೇಲೆ ವಾಲಿ ನಿಂತಿರುವ ಈ ಅಟ್ಲಾಂಟಿಸ್ ಆಗ ಇದೇ ಕೇಂದ್ರದಲ್ಲಿ ಮಾರ್ಚ್ 1ರ ಹಾರಾಟಕ್ಕೆ ಸಜ್ಜಾಗುತ್ತಿತ್ತು. ಹಾನಿ ಮೊದಲೇ ಗೊತ್ತಾಗಿದ್ದರೆ ಹಗಲೂ ರಾತ್ರಿ ದುಡಿದು ಫೆಬ್ರುವರಿ 10ರ ಹೊತ್ತಿಗೆ ಇದನ್ನು ಹಾರಿಸಬಹುದಿತ್ತು, ಕೊಲಂಬಿಯಾದಲ್ಲಿದ್ದವರು ಫೆಬ್ರುವರಿ 15ರವರೆಗೆ ಜೀವ ಹಿಡಿದುಕೊಂಡಿರಬಹುದಿತ್ತು ಎಂದು ಅನಂತರದ ಅಧ್ಯಯನ ಲೆಕ್ಕ ಹಾಕಿತು. ಅಪಾಯದ ಸಾಹಸ, ಆದರೆ ಅಸಾಧ್ಯವಲ್ಲ. ರೆಕ್ಕೆಯ ಒಂದು ಚಿತ್ರ ತೆಗೆಸಿದ್ದರೆ ಆ ಸಾಹಸಕ್ಕೆ ಅವಕಾಶವಾದರೂ ಇರುತ್ತಿತ್ತು.

ಮುಂದೆ ನಡೆದದ್ದು ಮನುಷ್ಯನ ಶ್ರದ್ಧೆಯ ಕಥೆ. ಪೂರ್ವ ಟೆಕ್ಸಸ್‌ನ ಕಾಡು, ಗದ್ದೆ, ಕೆರೆಗಳಲ್ಲಿ ಸುಮಾರು 25,000 ಜನ ಸಾಲುಗಟ್ಟಿ ನಡೆದು ಚೂರುಗಳನ್ನು ಆಯ್ದರು. ಹುಡುಕಾಟದ ಹೆಲಿಕಾಪ್ಟರ್ ಬಿದ್ದು ಇಬ್ಬರು ಪ್ರಾಣ ಕೊಟ್ಟರು. ಸಿಕ್ಕ ತುಂಡುಗಳು ಸುಮಾರು 84,000. ತೂಕದಲ್ಲಿ ನೌಕೆಯ ಶೇಕಡಾ 38. ಪುಟ್ಟ ಹುಳುಗಳನ್ನಿಟ್ಟ ಪ್ರಯೋಗದ ಡಬ್ಬಿಯೂ ಸಿಕ್ಕಿತು. ತೆರೆದಾಗ ಹುಳುಗಳು ಬದುಕಿದ್ದವು! ತುಂಡುಗಳನ್ನೆಲ್ಲ ಈ ಕೇಂದ್ರದ ಹ್ಯಾಂಗರ್‌ಗೆ ತಂದು, ನೆಲದ ಮೇಲೆ ನೌಕೆಯ ಆಕಾರದಲ್ಲೇ ಹರಡಿ, ಎಲ್ಲಿ ಯಾವುದು ಮೊದಲು ಸುಟ್ಟಿತು ಎಂದು ಓದಿದರು. ಫೋಮು ಇಂಥ ಫಲಕವನ್ನು ಒಡೆಯಬಲ್ಲದೇ ಎಂಬ ಅನುಮಾನ ಹಲವರಿಗಿತ್ತು. ಜುಲೈನಲ್ಲಿ ಸ್ಯಾನ್ ಆಂಟೊನಿಯೊದಲ್ಲಿ ಅಷ್ಟೇ ತೂಕದ ಫೋಮನ್ನು ನಿಜವಾದ ಫಲಕಕ್ಕೆ ಹೊಡೆದು ನೋಡಿದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ಅಡ್ಮಿರಲ್ ಹೆರಾಲ್ಡ್ ಗೆಹ್‌ಮನ್ ನೇತೃತ್ವದ ತನಿಖಾ ಮಂಡಳಿ ಆಗಸ್ಟ್‌ನಲ್ಲಿ ವರದಿ ಕೊಟ್ಟಾಗ, ಈ ಸಾವುಗಳಿಗೆ ಫೋಮು ಎಷ್ಟು ಕಾರಣವೋ ನಾಸಾ ಸಂಸ್ಥೆಯ ರೀತಿನೀತಿಯೂ ಅಷ್ಟೇ ಕಾರಣ ಎಂದು ತೀರ್ಪಿತ್ತಿತು.

ಚಾಲೆಂಜರ್‌ನ ತುಂಡುಗಳನ್ನು ಕೇಪ್ ಕೆನಾವೆರಲ್‌ನ ಹಳೆಯ ಕ್ಷಿಪಣಿ ಬಾವಿಗಳಲ್ಲಿ ಇಟ್ಟು ಮುಚ್ಚಿದ್ದರು. ಕೊಲಂಬಿಯಾದ ತುಂಡುಗಳಿಗೆ ಹಾಗೆ ಮಾಡಲಿಲ್ಲ. ಬರುವಾಗ ಸೇತುವೆಯಿಂದ ಕಂಡ ಆ ಬೃಹತ್ ಕಟ್ಟಡದ ಹದಿನಾರನೆಯ ಮಹಡಿಯಲ್ಲಿ ಅವನ್ನು ಜೋಪಾನ ಮಾಡಿ, ಸಂಶೋಧಕರಿಗೆ ಅಧ್ಯಯನಕ್ಕೆ ಕೊಡುತ್ತಾರೆ. ಕೇಂದ್ರದಲ್ಲಿ ದುಡಿಯುವವರನ್ನು ಅಲ್ಲಿಗೆ ಕರೆದೊಯ್ದು ತೋರಿಸುತ್ತಾರೆ. ಅದೇ ಕಟ್ಟಡದ ಬೇರೊಂದು ಭಾಗದಲ್ಲಿ ಹೊಸ ರಾಕೆಟ್ಟು ಜೋಡಣೆಯಾಗುತ್ತಿರುತ್ತದೆ. ಒಂದೇ ಸೂರಿನಡಿ ಸೋಲನ್ನೂ ಗೆಲುವನ್ನೂ ಇಟ್ಟುಕೊಂಡು ಕೆಲಸ ಮಾಡುವ ಈ ಧೈರ್ಯಕ್ಕೆ ನಾನು ತಲೆಬಾಗಿದೆ.

ಕೊಲಂಬಿಯಾದ ನಂತರ ಬಾಹ್ಯಾಕಾಶ ಯಾನವೇ ಬದಲಾಯಿತು. ಎರಡೂವರೆ ವರ್ಷ ಶಟಲ್ ಹಾರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನಿರ್ಮಾಣ ನಿಂತಿತು, ಇಬ್ಬರೇ ಅಲ್ಲಿದ್ದು ಅದನ್ನು ಕಾಪಾಡಿದರು. ರಷ್ಯಾದ ಸೊಯೂಜ್ ಒಂದೇ ಅವರಿಗೆ ಹೋಗಿಬರುವ ದಾರಿ. 2005ರ ಜುಲೈನಲ್ಲಿ ಶಟಲ್ ಮತ್ತೆ ಹಾರಿದಾಗ ಅದರ ಯಾಂತ್ರಿಕ ಕೈಗೆ ಉದ್ದನೆಯ ಕೋಲಿನಂಥ ಉಪಕರಣ ಬಂದಿತ್ತು; ಅದರ ತುದಿಯ ಕ್ಯಾಮೆರಾ ರೆಕ್ಕೆಗಳನ್ನು ಇಂಚಿಂಚು ಪರೀಕ್ಷಿಸುತ್ತಿತ್ತು. ನಿಲ್ದಾಣವನ್ನು ಸೇರುವ ಮೊದಲು ಶಟಲ್ ನಿಧಾನವಾಗಿ ಲಾಗ ಹೊಡೆದು ತನ್ನ ಹೊಟ್ಟೆಯನ್ನು ತೋರಿಸುವುದು ಕಡ್ಡಾಯವಾಯಿತು. 2009ರಲ್ಲಿ ಹಬಲ್ ದೂರದರ್ಶಕದ ದುರಸ್ತಿಗೆ ಅಟ್ಲಾಂಟಿಸ್ ಹೊರಟಾಗ, ಪಕ್ಕದ ಕಟ್ಟೆಯಲ್ಲಿ ಎಂಡೆವರ್ ರಕ್ಷಣೆಗೆ ಸಿದ್ಧವಾಗಿ ನಿಂತಿತ್ತು. ಕೊನೆಗೆ 2011ರ ಜುಲೈನಲ್ಲಿ ಇದೇ ಅಟ್ಲಾಂಟಿಸ್ ಹಾರಿ ಇಳಿದು ಶಟಲ್ ಯುಗ ಮುಗಿಯಿತು. ಅನಂತರದ ಡ್ರ್ಯಾಗನ್, ಓರಾಯನ್ ನೌಕೆಗಳಲ್ಲಿ ಮನುಷ್ಯರು ರಾಕೆಟ್ಟಿನ ಪಕ್ಕದಲ್ಲಿ ಕೂರುವುದಿಲ್ಲ, ತುದಿಯಲ್ಲಿ ಕೂರುತ್ತಾರೆ. ಮೇಲಿನಿಂದ ಏನೂ ಉದುರಿ ಬೀಳುವಂತಿಲ್ಲ. ಕೆಳಗೆ ಅನಾಹುತವಾದರೆ ಕ್ಯಾಪ್ಸೂಲನ್ನು ಕೂಡಲೇ ದೂರ ಒಯ್ಯುವ ವ್ಯವಸ್ಥೆ ಇದೆ.

ಹೊರಗೆ ಬಿಸಿಲಲ್ಲಿ ಕಪ್ಪು ಗ್ರಾನೈಟಿನ ದೊಡ್ಡ ಗೋಡೆ ಇದೆ, ಕನ್ನಡಿಯ ಹಾಗೆ ಹೊಳಪು ಕೊಟ್ಟದ್ದು. ಪ್ರಾಣ ಕೊಟ್ಟವರ ಹೆಸರುಗಳನ್ನು ಕಲ್ಲಿನ ಆಚೆಯವರೆಗೂ ಕೊರೆದಿದ್ದಾರೆ, ಹಿಂದಿನಿಂದ ಬೆಳಕು ಹಾಯುತ್ತದೆ. ಅಲ್ಲಿ ಕಲ್ಪನಾ ಚಾವ್ಲಾ ಎಂಬ ಹೆಸರನ್ನು ಓದುವಾಗ ನನಗೆ ನಮ್ಮ ಹಾಸನ ನೆನಪಾಯಿತು. ದುರಂತವಾದ ನಾಲ್ಕೇ ದಿನಕ್ಕೆ ಭಾರತ ತನ್ನ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟಿತು. ಹಾಸನದಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ ಅದನ್ನು ವರ್ಷಗಟ್ಟಲೆ ನಡೆಸಿತು. ನಮ್ಮ ಮುಂಗಾರಿನ ಮೋಡಗಳ ಮೇಲೆ ಆಕೆಯ ಹೆಸರಿನ ಉಪಗ್ರಹ ಕಣ್ಣಿಟ್ಟಿತ್ತು. ಯುವ ವಿಜ್ಞಾನಿ ಮಹಿಳೆಯರಿಗೆ ಆಕೆಯ ಹೆಸರಿನ ಪ್ರಶಸ್ತಿಯನ್ನು ಕರ್ನಾಟಕ ಸರ್ಕಾರ ಸ್ಥಾಪಿಸಿತು.

ಆಕೆ ಕೊನೆಯದಾಗಿ ಹೊರಟ ಅದೇ 39ಎ ಕಟ್ಟೆಯಿಂದ 2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಹಾರಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಅವರ ಜೊತೆ ನಿಲ್ದಾಣಕ್ಕೆ ಹೋಗಿ ಮೊಳಕೆಯೊಡೆದವು. ಆ ಹಾರಾಟ ಮೊದಲು ನಿಗದಿಯಾದ ದಿನ ಆಗಲಿಲ್ಲ. ಪರೀಕ್ಷೆಯ ನಂತರ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡಿತು, ನಿಲ್ಲಿಸಿ, ಸರಿಪಡಿಸಿದರು. ಅದಕ್ಕೂ ಮೊದಲು, 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಭಾರತದ ಮಾನವಸಹಿತ ಯೋಜನೆಯಾದ ಗಗನಯಾನದ ಪಾರಾಗುವ ವ್ಯವಸ್ಥೆಯ ಪರೀಕ್ಷೆ ನಡೆದಾಗಲೂ ಎಣಿಕೆ ಐದು ಸೆಕೆಂಡು ಉಳಿದಿರುವಾಗ ಗಣಕಯಂತ್ರವೇ ತಡೆಯಿತು. ದೋಷ ಹುಡುಕಿ ಸರಿಮಾಡಿ ಅದೇ ಬೆಳಿಗ್ಗೆ ಹತ್ತಕ್ಕೆ ಹಾರಿಸಿದರು. ಪರೀಕ್ಷೆ ಗೆದ್ದಿತು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಗಗನಯಾನದ ದಿನಾಂಕ ಮುಂದಕ್ಕೆ ಹೋಯಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಬೇಸರಪಡಬೇಡಿ, ಬೆಂಗಳೂರಿನ ನಮ್ಮ ಎಂಜಿನಿಯರ್‌ಗಳನ್ನು ಅವಸರಪಡಿಸಬೇಡಿ. ಅನುಮಾನ ಬಂದಾಗ "ತಡೆಯಿರಿ" ಎಂದವರ ಮಾತು 1986ರಲ್ಲಿ ನಡೆಯಲಿಲ್ಲ, 2003ರಲ್ಲೂ ನಡೆಯಲಿಲ್ಲ. ಹದಿನಾಲ್ಕು ಜೀವ ಕೊಟ್ಟು ಜಗತ್ತು ಕಲಿತದ್ದು ಆ ಮಾತಿಗಿರುವ ಬೆಲೆಯನ್ನು. ನಮ್ಮಲ್ಲಿ ಯಾರಾದರೂ ಕಿರಿಯ ಎಂಜಿನಿಯರ್ ಎದ್ದು ನಿಂತು ಆ ಮಾತು ಹೇಳಿದ ದಿನ, ಅವರ ಪರವಾಗಿ ನಾವೆಲ್ಲರೂ ನಿಲ್ಲಬೇಕು.